ಐದು ನಿಮಿಷದ ರಾಜಿ

ಮೂವತ್ತೊಂದು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಕಡತ ಕಟ್ಟಿ ಬಿಚ್ಚಿದವನು ನಾನು. ಕೊಲೆ, ದರೋಡೆಯ ಕಡತಗಳಲ್ಲ. ನಮ್ಮ ಕಪಾಟಿನ ತುಂಬ ಇದ್ದದ್ದು ಪಾಲಿನ ದಾವೆಗಳು. ಅಪ್ಪ ವಾದಿ, ಮಗ ಪ್ರತಿವಾದಿ. ಇಲ್ಲವೇ ಮಗ ವಾದಿ, ಅಪ್ಪ ಪ್ರತಿವಾದಿ. ಹಾಗಾಗಿ ನಿವೃತ್ತನಾದ ಮೇಲೆ ಲಂಡನ್ನಿನ ಹೌನ್ಸ್ಲೋದಲ್ಲಿರುವ ಅಕ್ಕನ ಮಗಳ ಮನೆಗೆ ಹೊರಟಾಗ, ಎಲ್ಲರೂ ನೋಡಿ ಬಾ ಎಂದ ದೊಡ್ಡ ಗಡಿಯಾರವನ್ನೂ ದೊಡ್ಡ ಚಕ್ರವನ್ನೂ ಬಿಟ್ಟು ಒಂದು ಮನೆಜಗಳದ ಬೆನ್ನು ಹತ್ತಿದೆ. ಹಿಂದೊಮ್ಮೆ ಕಾನೂನಿನ ಪುಸ್ತಕವೊಂದನ್ನು ತಿರುವುವಾಗ ಕಣ್ಣಿಗೆ ಬಿದ್ದ ಸಂಗತಿ ಅದು. 1718ರ ಆರಂಭದಲ್ಲಿ ಇಂಗ್ಲೆಂಡಿನ ಹನ್ನೆರಡು ನ್ಯಾಯಾಧೀಶರ ಮುಂದೆ ರಾಜ ಒಂದು ಪ್ರಶ್ನೆಯಿಟ್ಟ: ಮೊಮ್ಮಕ್ಕಳ ಸುಪರ್ದಿ ಯಾರಿಗೆ ಸೇರಬೇಕು, ಹೆತ್ತ ತಂದೆಗೋ ರಾಜನಾದ ತಾತನಿಗೋ? ಹತ್ತು ಮಂದಿ ತಾತನಿಗೆ ಎಂದರು. ನಮ್ಮ ಕಚೇರಿಯಲ್ಲಿ ಅಂಥ ಅರ್ಜಿ ಬಂದಿದ್ದರೆ ಗುಮಾಸ್ತರೆಲ್ಲ ಮಧ್ಯಾಹ್ನದ ಕಾಫಿ ಬಿಟ್ಟು ಅದನ್ನೇ ಓದುತ್ತಿದ್ದರು.

ಜರ್ಮನಿಯ ಹ್ಯಾನೋವರಿನಿಂದ 1714ರಲ್ಲಿ ಬಂದು ಇಂಗ್ಲೆಂಡಿನ ಸಿಂಹಾಸನವೇರಿದ ಮನೆತನ ಅದು. ಒಬ್ಬರ ಹಿಂದೊಬ್ಬರು ನಾಲ್ವರು ಜಾರ್ಜ್‌ಗಳು. ರಾಜನಿಗೂ ಯುವರಾಜನಿಗೂ ಆಗದಿರುವುದು ಆ ಮನೆಯಲ್ಲಿ ಆಸ್ತಿಯ ಜತೆಗೇ ಇಳಿದು ಬಂದಿತ್ತು. ಜಗಳದ ವಿಷಯ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಬೇಕಾಗಿದ್ದದ್ದು ರಾಜಿ. ಅದು ಎಲ್ಲಿ ಆಯಿತು, ಯಾರು ಮಾಡಿಸಿದರು, ಯಾರಿಗೆ ಏನು ಸಿಕ್ಕಿತು.

ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಒಂದು ಸ್ಟೀಲ್ ಡಬ್ಬಿಯಿತ್ತು. ಅಕ್ಕ ಕೊಟ್ಟ ಸಾರಿನ ಪುಡಿ. "ನಿನ್ನ ಹೆಂಡತಿ ಮಾಡಿದ್ದು ಎಂದು ಹೇಳು. ನನ್ನ ಹೆಸರು ಎತ್ತಬೇಡ" ಎಂದು ಮೂರು ಸಲ ಹೇಳಿ ಕೊಟ್ಟಿದ್ದಳು. ತಾಯಿ ಮಗಳು ಮಾತು ಬಿಟ್ಟು ಎರಡು ವರ್ಷವಾಗಿದೆ. ಕಾರಣ ಇಲ್ಲಿ ಬೇಡ. ಎರಡೂ ಕಡೆಯ ವಾದ ಕೇಳಿದ್ದೇನೆ, ಎರಡೂ ಸರಿಯಾಗಿಯೇ ಇವೆ. ತೊಂದರೆ ಇರುವುದೇ ಅಲ್ಲಿ.

ಮೊದಲ ದಿನ, ಗುರುವಾರ: ಸೇಂಟ್ ಜೇಮ್ಸ್ ಮತ್ತು ಲೆಸ್ಟರ್ ಚೌಕ

ಸೆಪ್ಟೆಂಬರಿನ ಬಿಸಿಲು, ನಮ್ಮ ಕಡೆಯ ಮಾರ್ಗಶಿರದ ಬಿಸಿಲಿನಂತೆ ಬೆಳಕಿದ್ದೂ ಕಾವಿಲ್ಲದ್ದು. ಹೌನ್ಸ್ಲೋದಲ್ಲಿ ಪಿಕಡಿಲಿ ಮಾರ್ಗದ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಗ್ರೀನ್ ಪಾರ್ಕ್‌ನಲ್ಲಿ ಇಳಿಯಬಹುದು. ಅಲ್ಲಿಂದ ಸೇಂಟ್ ಜೇಮ್ಸ್ ಅರಮನೆ ಹತ್ತು ನಿಮಿಷದ ನಡಿಗೆ. ಮೈಸೂರು ಅರಮನೆ ನೋಡಿ ಬೆಳೆದ ಕಣ್ಣಿಗೆ ಇದು ಅರಮನೆಯೆನಿಸಲಿಲ್ಲ. ಹೊಗೆ ಹಿಡಿದ ಕೆಂಪು ಇಟ್ಟಿಗೆಯ ಹೆಬ್ಬಾಗಿಲು, ಇಕ್ಕೆಲದಲ್ಲಿ ಎಂಟು ಮೂಲೆಯ ಗೋಪುರ, ಮೇಲೊಂದು ಗಡಿಯಾರ. ಹಳೆಯ ಜೈಲೊಂದಕ್ಕೆ ಗಡಿಯಾರ ಕೂರಿಸಿದಂತಿದೆ. ಎಂಟನೆಯ ಹೆನ್ರಿ 1530ರ ದಶಕದಲ್ಲಿ ಕಟ್ಟಿಸಿದ್ದು. ಸಾರ್ವಜನಿಕರಿಗೆ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ. ಎದುರಿನ ಕಾಲುದಾರಿಯಲ್ಲಿ ನಿಂತು ನೋಡಿದೆ.

1717ರ ನವೆಂಬರಿನಲ್ಲಿ ಈ ಗೋಡೆಗಳ ಒಳಗೆ ಒಂದು ಗಂಡುಮಗು ಹುಟ್ಟಿತು. ಯುವರಾಜ ಜಾರ್ಜ್ ಮತ್ತು ಅವನ ಹೆಂಡತಿ ಕ್ಯಾರೊಲೀನಳ ಮಗು, ಮೊದಲನೆಯ ಜಾರ್ಜ್‌ನ ಮೊಮ್ಮಗ. ನಾಮಕರಣಕ್ಕೆ ಧರ್ಮಪಿತ ಯಾರು ಎಂಬಲ್ಲಿ ತಗಾದೆ ಶುರು. ಯುವರಾಜನಿಗೆ ತನ್ನ ಚಿಕ್ಕಪ್ಪ ಬೇಕು. ರಾಜ ಪದ್ಧತಿಯ ಹೆಸರು ಹೇಳಿ ಅರಮನೆಯ ಅಧಿಕಾರಿ ನ್ಯೂಕ್ಯಾಸಲ್ ಡ್ಯೂಕನನ್ನು ತಂದು ಕೂರಿಸಿದ. ಯುವರಾಜನಿಗೆ ನ್ಯೂಕ್ಯಾಸಲ್ ಎಂದರೆ ಆಗದು. ಕಾರ್ಯ ಮುಗಿಯುತ್ತಿದ್ದಂತೆ ಮುಷ್ಟಿ ತೋರಿಸಿ, ನಿನ್ನನ್ನು ಹುಡುಕಿಕೊಂಡು (ಫೈಂಡ್) ಬಂದು ನೋಡಿಕೊಳ್ಳುತ್ತೇನೆ ಎಂಬರ್ಥದ ಇಂಗ್ಲಿಷ್ ಮಾತು ಹೇಳಿದ. ಇಂಗ್ಲಿಷ್ ಅವನಿಗೆ ಕಲಿತ ಭಾಷೆ, ಉಚ್ಚಾರ ಜರ್ಮನ್. ನ್ಯೂಕ್ಯಾಸಲನ ಕಿವಿಗೆ ಅದು ನಿನ್ನೊಂದಿಗೆ ಕಾದಾಡುತ್ತೇನೆ (ಫೈಟ್) ಎಂದು ಬಿತ್ತು. ಯುವರಾಜ ತನ್ನನ್ನು ಕತ್ತಿಕಾಳಗಕ್ಕೆ ಕರೆದ ಎಂದು ರಾಜನ ಬಳಿ ದೂರು ಒಯ್ದ. ಒಂದು ಉಚ್ಚಾರದ ವ್ಯತ್ಯಾಸ! ನಮ್ಮಲ್ಲಿ ಒಂದು ಗುಂಟೆಯ ವ್ಯತ್ಯಾಸಕ್ಕೆ ಮೂವತ್ತು ವರ್ಷ ದಾವೆ ನಡೆದದ್ದನ್ನು ನೋಡಿದ್ದರಿಂದ ನನಗೆ ನಗು ಬರಲಿಲ್ಲ.

ರಾಜ ಮಗನನ್ನು ಅವನ ಕೋಣೆಗಳಲ್ಲೇ ಬಂಧನದಲ್ಲಿಟ್ಟು, ಆಮೇಲೆ ಅರಮನೆ ಬಿಟ್ಟು ಹೋಗು ಎಂದ. ಕ್ಯಾರೊಲೀನ್ ಇರಬಹುದು, ಮಕ್ಕಳೂ ಇರಬಹುದು. ಮಗ ಮಾತ್ರ ಹೊರಗೆ. ಕ್ಯಾರೊಲೀನ್ ಗಂಡನ ಹಿಂದೆ ಹೊರಟಳು. ಆದರೆ ಮಕ್ಕಳನ್ನು ಬಿಟ್ಟುಕೊಡಲಿಲ್ಲ. ಆನ್, ಅಮೀಲಿಯ, ಕ್ಯಾರೊಲೀನ್ ಎಂಬ ಮೂರು ಹುಡುಗಿಯರು ಮತ್ತು ಇನ್ನೂ ತಿಂಗಳು ತುಂಬದ ಆ ಕೂಸು ತಾತನ ವಶದಲ್ಲೇ ಉಳಿದರು. ಯುವರಾಜನ ಮನೆಗೆ ಹೋಗಿ ಬರುವವರಿಗೆ ರಾಜನ ಮುಂದೆ ಬರಲು ಅವಕಾಶವಿಲ್ಲ ಎಂಬ ಆಜ್ಞೆಯೂ ಹೊರಟಿತು. ಊರೊಳಗೆ ಜಾತಿಯಿಂದ ಹೊರಗೆ ಹಾಕಿದವನ ಮನೆಯಲ್ಲಿ ನೀರು ಕುಡಿಯಬಾರದು ಎನ್ನುತ್ತಿದ್ದರಲ್ಲ, ಹಾಗೆ.

ಪಾಲ್ ಮಾಲ್ ಬೀದಿ ಹಿಡಿದು ಲೆಸ್ಟರ್ ಚೌಕಕ್ಕೆ ನಡೆದೆ. ಉತ್ತರದ ಬದಿಯಲ್ಲಿ ಯುವರಾಜ ಬಂದು ಬಿಡಾರ ಹೂಡಿದ ಲೆಸ್ಟರ್ ಹೌಸ್ ಇತ್ತು. ಹದಿನೆಂಟನೆಯ ಶತಮಾನ ಮುಗಿಯುವ ಮುನ್ನವೇ ಅದನ್ನು ಕೆಡವಿದರು. ಈಗ ಅಲ್ಲಿ ಸಿನಿಮಾ ಮಂದಿರಗಳು, ತಿಂಡಿ ಅಂಗಡಿಗಳು, ನಡುವಿನ ತೋಟದಲ್ಲಿ ಷೇಕ್ಸ್‌ಪಿಯರ್ ಪ್ರತಿಮೆ, ಚಾಪ್ಲಿನ್ ಪ್ರತಿಮೆ, ಒಂದು ಬೆಂಚಿನ ಮೇಲೆ ರೊಟ್ಟಿ ಹಿಡಿದ ಕಂಚಿನ ಕರಡಿ. ಕರಡಿಯ ಪಕ್ಕ ಕೂತು ಮನೆಯಿಂದ ತಂದ ಚಪಾತಿ ತಿಂದೆ.

ಎರಡೂವರೆ ವರ್ಷ ಇಲ್ಲಿ ಇನ್ನೊಂದು ದರ್ಬಾರು ನಡೆಯಿತು. ರಾಜನಿಗೆ ಬೇಡವಾದವರೆಲ್ಲ ಇಲ್ಲಿ ಸೇರುತ್ತಿದ್ದರು. ಅವರಲ್ಲೊಬ್ಬ ರಾಬರ್ಟ್ ವಾಲ್ಪೋಲ್, ಅಧಿಕಾರ ಬಿಟ್ಟು ಹೊರಗಿದ್ದ ಚತುರ. ರಾಜಿ ಮಾಡಿಸಿದವನು ಅವನೇ. ಹೇಗೆ ಎಂಬುದನ್ನು ಗುಮಾಸ್ತನ ಭಾಷೆಯಲ್ಲಿ ಹೇಳುತ್ತೇನೆ. ರಾಜನ ಖರ್ಚಿನ ಖಾತೆಯ ಮೇಲೆ ಆರು ಲಕ್ಷ ಪೌಂಡ್ ಸಾಲ. ಸನ್ನದು ಕೇಳುತ್ತಿದ್ದ ಎರಡು ವಿಮಾ ಕಂಪನಿಗಳು ತಲಾ ಮೂರು ಲಕ್ಷ ಕೊಡಲು ಒಪ್ಪಿದವು. ಇದನ್ನು ಸಂಸತ್ತಿನಲ್ಲಿ ದಾಟಿಸಲು ವಾಲ್ಪೋಲನ ಕಡೆಯವರ ಮತ ಬೇಕು. ವಾಲ್ಪೋಲನಿಗೆ ಮಂತ್ರಿಪದವಿ ಬೇಕು. ಅಪ್ಪ ಮಗ ಒಂದಾದರೆ ಎಲ್ಲರ ಕೆಲಸವೂ ಆಗುತ್ತದೆ. ಮಗ ಕ್ಷಮೆಯ ಪತ್ರ ಬರೆಯಬೇಕು, ಅಪ್ಪ ಸ್ವೀಕರಿಸಬೇಕು. ತಾರೀಖು ಗೊತ್ತಾಯಿತು: 1720ರ ಏಪ್ರಿಲ್ 23, ಸಂತ ಜಾರ್ಜ್‌ನ ಹಬ್ಬ.

ಅಂದು ಯುವರಾಜ ಸೇಂಟ್ ಜೇಮ್ಸ್‌ಗೆ ಹೋದ. ಭೇಟಿ ಐದು ನಿಮಿಷ ನಡೆಯಿತು. ಕ್ಯಾರೊಲೀನಳ ಸಖಿ ಲೇಡಿ ಕೌಪರ್ ತನ್ನ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾಳೆ. ರಾಜ ತಬ್ಬಿಬ್ಬಾಗಿದ್ದನಂತೆ, ಅವನ ಬಾಯಿಂದ ಸ್ಪಷ್ಟವಾಗಿ ಕೇಳಿಸಿದ್ದು "ನಿಮ್ಮ ನಡತೆ, ನಿಮ್ಮ ನಡತೆ" ಎಂಬ ಫ್ರೆಂಚ್ ಮಾತು ಮಾತ್ರ. ಆ ಮನೆಯ ಫ್ರೆಂಚಿನಲ್ಲಿ ಮಗನಿಗೂ ಬಹುವಚನ. ಹೊರಗೆ ಬಂದಾಗ ಯುವರಾಜನ ಸುತ್ತ ಅರಮನೆಯ ಕಾವಲುಗಾರರು ಮತ್ತೆ ಇದ್ದರು. ಊರು ಕೇಕೆ ಹಾಕಿತು.

ಕ್ಯಾರೊಲೀನ್ ಕೇಳಿದ್ದು ಒಂದೇ, ಮಕ್ಕಳು. ಅದು ಸಿಗಲಿಲ್ಲ. ಮಕ್ಕಳು ರಾಜನ ಬಳಿಯೇ ಇರತಕ್ಕದ್ದು, ತಾಯಿ ಬಂದು ನೋಡಬಹುದು. ಅದೇ ವಾರಗಳಲ್ಲಿ ಹಿರಿಯ ಮಗಳು ಆನ್ ಸಿಡುಬು ಬಂದು ಮಲಗಿದ್ದಳು. ವಾಲ್ಪೋಲ್ ಸಮಾಧಾನ ಹೇಳಲು ಹೋದಾಗ ಕ್ಯಾರೊಲೀನ್ ಅವನಿಗೆ, ಇದು ನಿಮಗೆ ಆಟವಿರಬಹುದು, ನನಗಲ್ಲ ಎಂಬರ್ಥದಲ್ಲಿ ಉತ್ತರಿಸಿದಳೆಂದು ಅದೇ ದಿನಚರಿ ಹೇಳುತ್ತದೆ. ರಾಜಿ ಪತ್ರದಲ್ಲಿ ಸಹಿ ಹಾಕದವರ ನಷ್ಟ ದಾಖಲಾಗುವುದಿಲ್ಲ. ನಮ್ಮ ಕಚೇರಿಯಲ್ಲೂ ಅಷ್ಟೇ. ಗಂಡಸರು ಕೈಕುಲುಕಿ ಹೋಟೆಲಿಗೆ ಹೋಗುತ್ತಿದ್ದರು. ಕಾರಿಡಾರಿನ ಬೆಂಚಿನಲ್ಲಿ ಒಬ್ಬಳು ಸೊಸೆ ಸೆರಗಿನ ತುದಿ ಸುತ್ತುತ್ತ ಕೂತಿರುತ್ತಿದ್ದಳು.

ಆ ಸಿಡುಬಿನಿಂದ ಒಂದು ಒಳ್ಳೆಯದಾಯಿತು, ಅದನ್ನೂ ಹೇಳಬೇಕು. ಆನ್ ಬದುಕಿದಳು. ಭಯ ಬಿದ್ದ ತಾಯಿ, ತುರ್ಕಿಯಿಂದ ಆಗಷ್ಟೇ ಬಂದಿದ್ದ ಸಿಡುಬಿನ ಕೀವು ಚುಚ್ಚಿ ರೋಗ ತಡೆಯುವ ವಿದ್ಯೆಯನ್ನು ಪರೀಕ್ಷಿಸಿ ನೋಡಿಸಿ, 1722ರಲ್ಲಿ ಉಳಿದಿಬ್ಬರು ಹೆಣ್ಣುಮಕ್ಕಳಿಗೂ ಹಾಕಿಸಿದಳು. ಪರೀಕ್ಷೆ ನಡೆದದ್ದು ನ್ಯೂಗೇಟ್ ಜೈಲಿನ ಕೈದಿಗಳ ಮೇಲೆ. ಬದುಕಿದರೆ ಬಿಡುಗಡೆ ಎಂಬ ಷರತ್ತಿನ ಮೇಲೆ ಚುಚ್ಚಿಸಿಕೊಂಡ ಅವರು ಬದುಕಿ ಮನೆಗೆ ಹೋದರು.

ರಾತ್ರಿ ಮನೆಗೆ ಬಂದು ಡಬ್ಬಿ ಕೊಟ್ಟೆ. "ಅತ್ತೆ ಕಳಿಸಿದ್ದಾ ಮಾವ?" ಎಂದಳು. ಹೂಂ ಎಂದೆ. ಮುಚ್ಚಳ ತೆಗೆಯದೆ ಕಪಾಟಿನಲ್ಲಿಟ್ಟಳು.

ಎರಡನೆಯ ದಿನ, ಶುಕ್ರವಾರ: ಕೆನ್ಸಿಂಗ್ಟನ್

ಮಳೆ. ಅರ್ಲ್ಸ್ ಕೋರ್ಟ್‌ನಲ್ಲಿ ರೈಲು ಬದಲಿಸುವ ಗಡಿಬಿಡಿಯಲ್ಲಿ ಛತ್ರಿ ಮರೆತೆ. ಕೆನ್ಸಿಂಗ್ಟನ್ ಅರಮನೆ ತಲುಪಿದಾಗ ಕನ್ನಡಕದ ಮೇಲೆ ನೀರು, ಒಳಗೆ ಹೋದರೆ ಹಬೆ. ರಾಜನ ಮೆಟ್ಟಿಲ ಬಳಿ ನಿಂತು ಒರೆಸಿಕೊಂಡು ತಲೆಯೆತ್ತಿದೆ. ಗೋಡೆಯ ತುಂಬ ಜನ! 1720ರ ದಶಕದಲ್ಲಿ ವಿಲಿಯಂ ಕೆಂಟ್ ಬಿಡಿಸಿದ ಚಿತ್ರ. ಕಟಕಟೆಗೆ ಒರಗಿ ನಮ್ಮನ್ನೇ ನೋಡುತ್ತಿರುವ ಆಸ್ಥಾನಿಕರು, ಸೇವಕರು, ರಾಜ ಹ್ಯಾನೋವರಿನಿಂದ ಕರೆತಂದಿದ್ದ ಮೊಹಮ್ಮದ್ ಮತ್ತು ಮುಸ್ತಫಾ ಎಂಬ ಇಬ್ಬರು ತುರ್ಕರು, ಜರ್ಮನಿಯ ಕಾಡಿನಲ್ಲಿ ಸಿಕ್ಕ ಮಾತು ಬಾರದ ಪೀಟರ್ ಎಂಬ ಹುಡುಗ. ಜಗಳವಾದಾಗ ಅರಮನೆಯಲ್ಲಿ ಯಾವುದೂ ಗುಟ್ಟಾಗಿರಲು ಸಾಧ್ಯವಿರಲಿಲ್ಲ ಎಂಬುದು ಆ ಮೆಟ್ಟಿಲಲ್ಲಿ ನಿಂತರೆ ತಿಳಿಯುತ್ತದೆ. ಕೋರ್ಟಿನ ವರಾಂಡವೇ ಅದು.

ತಾಯಿಯಿಂದ ಬೇರೆ ಮಾಡಿದ ಆ ಕೂಸು 1718ರ ಫೆಬ್ರವರಿ 6ರಂದು ಈ ಅರಮನೆಯಲ್ಲಿ ತೀರಿಕೊಂಡಿತು. ಮೂರು ತಿಂಗಳ ಮಗು. ಖಾಯಿಲೆ ಜೋರಾದ ಮೇಲಷ್ಟೇ ತಂದೆ ತಾಯಿಗೆ ಬರಲು ಅಪ್ಪಣೆ ಸಿಕ್ಕಿತು. ಶವಪರೀಕ್ಷೆ ಮಾಡಿಸಿದರು. ಹೃದಯದಲ್ಲಿ ಗಡ್ಡೆಯಿತ್ತು, ಅಗಲಿಕೆ ಕಾರಣವಲ್ಲ ಎಂದಾಯಿತು. ಇರಬಹುದು. ವೈದ್ಯರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಆದರೆ ಮೊಮ್ಮಗು ಸತ್ತಾಗ ತಾತನಿಗೆ ಶವಪರೀಕ್ಷೆಯ ವರದಿ ಬೇಕಾಗುತ್ತದೆ ಎಂದರೆ, ಅದು ಎಂಥ ಮನೆಯಾಗಿರಬೇಕು.

ಫ್ರಾನ್ಸಿನಲ್ಲಿದ್ದ ಆರ್ಲಿಯನ್ಸ್‌ನ ಡಚೆಸ್ ತನ್ನ ಪತ್ರವೊಂದರಲ್ಲಿ ಈ ಹುಡುಗಿಯರ ಸುದ್ದಿ ಬರೆದಿದ್ದಾಳೆ. ಚೆರ್ರಿ ಹಣ್ಣು ಕಿತ್ತು ಒಂದು ಬುಟ್ಟಿ ತುಂಬಿಸಿ ಅಪ್ಪನಿಗೆ ಕಳಿಸಿದರಂತೆ. ನಿಮ್ಮ ಬಳಿ ಬರಲು ಬಿಡುತ್ತಿಲ್ಲ, ಮನಸ್ಸು ಮಾತ್ರ ಅಲ್ಲೇ ಇದೆ ಎಂದು ಹೇಳಿಕಳಿಸಿದರಂತೆ. ಅರಮನೆಯ ಹಿಂದಿನ ತೋಟದಲ್ಲಿ ಮಳೆ ನಿಲ್ಲುವವರೆಗೆ ಕಾದೆ. ಚೆರ್ರಿ ಮರ ಹುಡುಕಲಿಲ್ಲ, ಸುಳ್ಳು ಯಾಕೆ ಹೇಳಲಿ. ಶೌಚಾಲಯ ಹುಡುಕುತ್ತಿದ್ದೆ.

ಮೂರನೆಯ ದಿನ, ಶನಿವಾರ: ಹ್ಯಾಂಪ್ಟನ್ ಕೋರ್ಟ್

ರಜೆಯಾದ್ದರಿಂದ ಅಕ್ಕನ ಮಗಳೂ ಹೊರಟಳು. ಹೌನ್ಸ್ಲೋದಿಂದ 111ನೆಯ ನಂಬರಿನ ಬಸ್ಸು ನೇರ ಹ್ಯಾಂಪ್ಟನ್ ಕೋರ್ಟ್ ಬಾಗಿಲಿಗೆ ಬಿಡುತ್ತದೆ. ಮಹಡಿ ಬಸ್ಸಿನ ಮೇಲೆ ಮುಂದಿನ ಸೀಟು ಸಿಕ್ಕಿತು. ಅರವತ್ತೊಂದು ವಯಸ್ಸಿನಲ್ಲೂ ಅದು ಸಂತೋಷವೇ.

ದಾರಿಯಲ್ಲಿ ಅವಳಿಗೆ ಮುಂದಿನ ಅಧ್ಯಾಯ ಹೇಳಿದೆ. ಅಪ್ಪನಿಂದ ಅಷ್ಟೆಲ್ಲ ಅನುಭವಿಸಿದ ಯುವರಾಜ 1727ರಲ್ಲಿ ಎರಡನೆಯ ಜಾರ್ಜ್ ಆದ. ಅವನ ಹಿರಿಯ ಮಗ ಫ್ರೆಡರಿಕ್. 1714ರಲ್ಲಿ ಮನೆಯವರೆಲ್ಲ ಲಂಡನ್ನಿಗೆ ಹೊರಟಾಗ ಏಳು ವರ್ಷದ ಆ ಹುಡುಗನನ್ನು ಹ್ಯಾನೋವರಿನಲ್ಲೇ ಬಿಟ್ಟು ಬಂದಿದ್ದರು. ಮನೆತನದ ಪ್ರತಿನಿಧಿಯಾಗಿ ಅಲ್ಲೊಬ್ಬ ಇರಲಿ ಎಂಬುದು ತಾತನ ತೀರ್ಮಾನ. ಮಗ ತಂದೆ ತಾಯಿಯನ್ನು ಮತ್ತೆ ನೋಡಿದ್ದು 1728ರ ಡಿಸೆಂಬರಿನಲ್ಲಿ, ಹದಿನಾಲ್ಕು ವರ್ಷದ ಮೇಲೆ.

"ಹದಿನಾಲ್ಕು ವರ್ಷ ವನವಾಸ" ಎಂದಳು. ನನಗೆ ಹೊಳೆದಿರಲಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಹಿಂತಿರುಗಿದವನಿಗೆ ಅಯೋಧ್ಯೆಯಲ್ಲಿ ಯಾರೂ ದೀಪ ಹಚ್ಚಲಿಲ್ಲ. ಬೆಳೆದ ಮಗ ಅಪರಿಚಿತನಾಗಿ ಬಂದ; ಅಷ್ಟರಲ್ಲಿ ಅವರ ಮುದ್ದಿಗೆ ಇಂಗ್ಲೆಂಡಿನಲ್ಲೇ ಹುಟ್ಟಿದ ವಿಲಿಯಂ ಇದ್ದ.

ಆಮೇಲಿನದು ಜೀವನಾಂಶದ ದಾವೆ. ಯುವರಾಜನಾಗಿದ್ದಾಗ ಅಪ್ಪನಿಗೆ ವರ್ಷಕ್ಕೆ ಒಂದು ಲಕ್ಷ ಪೌಂಡ್ ಬರುತ್ತಿತ್ತು. ಫ್ರೆಡರಿಕ್‌ಗೆ ಮದುವೆಯಾದ ಮೇಲೂ ಐವತ್ತು ಸಾವಿರ. ಉಳಿದ ಐವತ್ತು ಕೊಡಿಸಿ ಎಂದು 1737ರ ಫೆಬ್ರವರಿಯಲ್ಲಿ ಅವನ ಕಡೆಯವರು ಸಂಸತ್ತಿಗೇ ಹೋದರು. 204ಕ್ಕೆ 234 ಮತಗಳಿಂದ ಸೋತರು. ಮಂತ್ರಿ ಸ್ಥಾನದಲ್ಲಿ ಕೂತು ಸೋಲಿಸಿದವನು ಯಾರು? ಅದೇ ವಾಲ್ಪೋಲ್.

ಹ್ಯಾಂಪ್ಟನ್ ಕೋರ್ಟ್ ನಿಜಕ್ಕೂ ಎರಡು ಅರಮನೆ. ಮುಂದೆ ಹೆನ್ರಿಯ ಕಾಲದ ಕೆಂಪು ಇಟ್ಟಿಗೆ, ಹೊಗೆಗೂಡುಗಳ ಕಾಡು. ಹಿಂದೆ ಕ್ರಿಸ್ಟೋಫರ್ ರೆನ್ ಕಟ್ಟಿದ ಸಾಲುಕಿಟಕಿಯ ಭಾಗ. ಕಾರಂಜಿಯ ಅಂಗಳದ ಸುತ್ತ ಜಾರ್ಜ್ ಮತ್ತು ಕ್ಯಾರೊಲೀನಳ ಖಾಸಗಿ ಕೋಣೆಗಳು. ರಾಣಿಯ ಸ್ನಾನದ ಮರದ ತೊಟ್ಟಿ ಇದೆ. ಕೆಳಗೆ ರಾಜನಿಗೆ ಬರೀ ಚಾಕೊಲೇಟು ಕುಡಿಯಲು ಕಾಯಿಸುತ್ತಿದ್ದ ಪ್ರತ್ಯೇಕ ಅಡುಗೆಮನೆ ಇದೆ. ಬಹಳ ಕಾಲ ಸಾಮಾನಿನ ಕೋಣೆಯಾಗಿ ಮರೆತುಹೋಗಿದ್ದು ಹತ್ತಾರು ವರ್ಷದ ಹಿಂದೆ ಪತ್ತೆಯಾಯಿತು. ಒಲೆಯ ಮುಂದೆ ನಿಂತು ಅಕ್ಕನ ಮಗಳು ಫೋಟೋ ತೆಗೆದಳು. ಯಾರಿಗೋ ಕಳಿಸಲು ಬೆರಳಾಡಿಸಿ, ಕಳಿಸದೆ ಫೋನು ಒಳಗಿಟ್ಟಳು.

1737ರ ಜುಲೈ 31ರ ರಾತ್ರಿ ಈ ಅಂಗಳದಲ್ಲಿ ನಡೆದದ್ದನ್ನು ನಾನು ಮೂರು ಪುಸ್ತಕಗಳಲ್ಲಿ ಓದಿದ್ದೇನೆ. ಮೂರರ ಮೂಲವೂ ಒಂದೇ, ಲಾರ್ಡ್ ಹಾರ್ವಿಯ ಸ್ಮರಣೆಗಳು. ಹಾರ್ವಿ ರಾಣಿಯ ಆಪ್ತ, ಫ್ರೆಡರಿಕ್‌ನ ಬದ್ಧವೈರಿ. ಹಾಗಾಗಿ ಈ ಸಾಕ್ಷಿಯನ್ನು ಪಾಟೀಸವಾಲಿಲ್ಲದೆ ನಂಬುವಂತಿಲ್ಲ ಎಂಬ ಟಿಪ್ಪಣಿಯೊಂದಿಗೆ ಓದಿಕೊಳ್ಳಿ. ಫ್ರೆಡರಿಕ್‌ನ ಹೆಂಡತಿ ಅಗಸ್ಟಾಗೆ ಆಗ ಹದಿನೇಳು ವರ್ಷ, ಚೊಚ್ಚಲ ಬಸುರಿ. ಹೆರಿಗೆ ಹ್ಯಾಂಪ್ಟನ್ ಕೋರ್ಟಿನಲ್ಲಿ ತಮ್ಮ ಕಣ್ಣೆದುರೇ ಆಗಬೇಕೆಂದು ರಾಜ ರಾಣಿಯ ಪಟ್ಟು. ಸಂಜೆ ನೋವು ಕಾಣಿಸಿಕೊಂಡಿತು. ಮೇಲೆ ಅತ್ತೆ ಮಾವ ಇಸ್ಪೀಟಾಡುತ್ತಿದ್ದರು. ಗಂಡ ಅವಳನ್ನು ಎರಡೂ ಕಡೆ ತೋಳು ಹಿಡಿಸಿ ಮೆಟ್ಟಿಲಿಳಿಸಿ, ಬೇಡವೆಂದು ಅಳುತ್ತಿದ್ದವಳನ್ನು ಗಾಡಿಗೆ ಹತ್ತಿಸಿ ಕತ್ತಲಲ್ಲಿ ಲಂಡನ್ನಿನತ್ತ ಹೊಡೆಸಿದ. ನಾವು ಆ ಬೆಳಿಗ್ಗೆ ಬಂದ ಟಾರು ರಸ್ತೆಯಲ್ಲೇ ಬಸ್ಸು ಕುಲುಕಿದಾಗ ನನ್ನ ಸೊಂಟ ಹಿಡಿದಿತ್ತು.

ಸೇಂಟ್ ಜೇಮ್ಸ್‌ನಲ್ಲಿ ಯಾವ ಸಿದ್ಧತೆಯೂ ಇರಲಿಲ್ಲ. ಹಾಸಿಗೆಗೆ ಹೊದಿಕೆಯಿಲ್ಲದೆ ಮೇಜಿನ ಬಟ್ಟೆ ಹಾಸಿದರು. ಮುಕ್ಕಾಲು ಗಂಟೆಯೊಳಗೆ ಹೆಣ್ಣುಮಗು ಹುಟ್ಟಿತು. ಇತ್ತ ರಾತ್ರಿ ಒಂದೂವರೆಗೆ ರಾಣಿಯನ್ನು ಎಬ್ಬಿಸಿ ಸುದ್ದಿ ಹೇಳಿದರು. ನನ್ನ ಮೇಲಂಗಿ ಕೊಡಿ, ಈಗಲೇ ಅವಳ ಕೋಣೆಗೆ ಹೋಗುತ್ತೇನೆ ಎಂದಳಂತೆ. ಮೇಲಂಗಿಯಷ್ಟೇ ಅಲ್ಲ, ಗಾಡಿಯೂ ಬೇಕಾಗುತ್ತದೆ ಎಂದು ದಾಸಿ ಉತ್ತರಿಸಿದಳಂತೆ. ಕ್ಯಾರೊಲೀನ್ ನಸುಕಿನಲ್ಲಿ ಲಂಡನ್ ತಲುಪಿ ಮೊಮ್ಮಗಳನ್ನು ನೋಡಿದಳು. ಬಸಿರೇ ಸುಳ್ಳು ಎಂಬ ಅನುಮಾನ ಅವಳಿಗಿತ್ತು; ಆ ಬಡಕಲು ಹೆಣ್ಣುಕೂಸನ್ನು ನೋಡಿ ನಂಬಿದಳು. ದಷ್ಟಪುಷ್ಟ ಗಂಡಾಗಿದ್ದರೆ ನಂಬುತ್ತಿರಲಿಲ್ಲವಂತೆ.

ಸೆಪ್ಟೆಂಬರ್ 10ಕ್ಕೆ ಆಜ್ಞೆ ಹೊರಟಿತು: ಮಗ ಸಂಸಾರ ಸಮೇತ ಅರಮನೆ ಬಿಡತಕ್ಕದ್ದು. ಅವನ ಮನೆಗೆ ಹೋದವರಿಗೆ ರಾಜನ ಬಾಗಿಲು ಮುಚ್ಚಿದೆ. ಇಪ್ಪತ್ತು ವರ್ಷದ ಹಿಂದಿನ ಕಡತದ ನಕಲು. ಒಂದು ವಿಷಯದಲ್ಲಿ ಮಾತ್ರ ತಿದ್ದುಪಡಿ: ಈ ಸಲ ಮಗುವನ್ನು ತಾಯಿಯಿಂದ ಕಿತ್ತುಕೊಳ್ಳಲಿಲ್ಲ. ಕ್ಯಾರೊಲೀನಳ ಬಗ್ಗೆ ಹಾರ್ವಿ ಏನೇ ಬರೆಯಲಿ, ಇದನ್ನು ನಾನು ಅವಳ ಲೆಕ್ಕಕ್ಕೆ ಜಮಾ ಮಾಡುತ್ತೇನೆ.

ಎರಡು ತಿಂಗಳಲ್ಲಿ ಅವಳೂ ಹೋದಳು. 1737ರ ನವೆಂಬರ್ 20. ಹೊಕ್ಕುಳ ಬಳಿಯ ಹರ್ನಿಯಾವನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದಳು. ನೋಡಲು ಬರುತ್ತೇನೆ ಎಂದು ಮಗ ಹೇಳಿಕಳಿಸಿದ, ರಾಜ ಬೇಡವೆಂದ. ಅವಳೂ ಬೇಡವೆಂದಳು ಎಂದು ಹಾರ್ವಿ ಬರೆಯುತ್ತಾನೆ. ಅದನ್ನೂ ಪಾಟೀಸವಾಲಿಗೆ ಬಿಡುತ್ತೇನೆ.

ಮರಳುವ ಬಸ್ಸಿನಲ್ಲಿ ಅಕ್ಕನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಸಾರು ಮಾಡಿದಳು. ಒಗ್ಗರಣೆಗೆ ಮುನ್ನ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತಳು. ಸಾರಿನ ಪುಡಿಗೆ ಮನೆಮನೆಗೊಂದು ವಾಸನೆ. ಅಕ್ಕ ಮೆಂತ್ಯವನ್ನು ಒಂದು ಹದ ಹೆಚ್ಚೇ ಹುರಿಯುತ್ತಾಳೆ.

"ಇದು ಅತ್ತೆ ಮಾಡಿದ್ದಲ್ಲ, ಮಾವ."

ನಾನು ತಟ್ಟೆ ತೊಳೆಯಲು ಎದ್ದೆ. ಇನ್ನೂ ಊಟವೇ ಆಗಿರಲಿಲ್ಲ.

ನಾಲ್ಕನೆಯ ದಿನ, ಭಾನುವಾರ: ಕ್ಯೂ

ಕ್ಯೂ ತೋಟವನ್ನು ಒಂದು ದಿನದಲ್ಲಿ ನೋಡುತ್ತೇನೆಂದು ಹೊರಡುವುದು ಮೂರ್ಖತನ. ನನಗೆ ಬೇಕಿದ್ದ ಜಾಗ ಚಿಕ್ಕದು. 1631ರಲ್ಲಿ ಕಟ್ಟಿದ ಡಚ್ ಹೌಸ್ ಎಂಬ ಕೆಂಪು ಮನೆ. ಅರಮನೆ ಎಂದು ಹೆಸರು, ನಮ್ಮ ಕಡೆಯ ಜಮೀನ್ದಾರರ ಮನೆಯಷ್ಟು ಗಾತ್ರ. ಇದರೆದುರು ಫ್ರೆಡರಿಕ್‌ನ ಬಿಳಿಮನೆ ಇತ್ತು. ಅರಮನೆಯಿಂದ ಹೊರಬಿದ್ದಾಗ ಅವನು ಮೊದಲು ಬಂದದ್ದು ಇಲ್ಲಿಗೆ. 1802ರಲ್ಲಿ ಕೆಡವಿದರು. ಹುಲ್ಲಿನ ಮೇಲೆ ನೆರಳುಗಡಿಯಾರವೊಂದು ಅದರ ಗುರುತು. ಮೋಡವಿದ್ದರಿಂದ ಗಂಟೆ ತೋರಿಸುತ್ತಿರಲಿಲ್ಲ.

ಮರ್ಸಿಯೆ ಎಂಬಾತ 1733ರಲ್ಲಿ ಬಿಡಿಸಿದ ಚಿತ್ರವೊಂದಿದೆ. ಹಿನ್ನೆಲೆಯಲ್ಲಿ ಇದೇ ಡಚ್ ಹೌಸ್. ಮುಂದೆ ಫ್ರೆಡರಿಕ್ ಚೆಲ್ಲೊ ನುಡಿಸುತ್ತಿದ್ದಾನೆ, ಆನ್ ಹಾರ್ಪ್ಸಿಕಾರ್ಡಿನ ಮುಂದೆ, ಇನ್ನೊಬ್ಬ ತಂಗಿ ತಂತಿವಾದ್ಯ ಮೀಟುತ್ತಿದ್ದಾಳೆ, ಅಮೀಲಿಯ ಪುಸ್ತಕ ಹಿಡಿದು ಕೂತಿದ್ದಾಳೆ. ಎಂಥ ಸಾಮರಸ್ಯ! ವಾಸ್ತವವಾಗಿ ಆ ವರ್ಷ ಅಣ್ಣ ತಂಗಿಯರಿಗೆ ಮಾತೇ ಸರಿಯಿರಲಿಲ್ಲ. ಆನ್ ಹ್ಯಾಂಡಲ್‌ನ ಸಂಗೀತದ ಪಕ್ಷ. ಫ್ರೆಡರಿಕ್ ಹ್ಯಾಂಡಲ್‌ಗೆ ಎದುರು ನಿಂತ ಸಂಗೀತ ನಾಟಕ ಮಂಡಳಿಯ ಪಕ್ಷ. ಮದುವೆ ಮನೆಯ ಗುಂಪು ಫೋಟೋಗೆ ಪಕ್ಕಪಕ್ಕ ನಿಲ್ಲಿಸಿದ ದಾಯಾದಿಗಳನ್ನು ನೋಡಿದವರಿಗೆ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ.

ಫ್ರೆಡರಿಕ್ ಗಿಡಮರಗಳ ಹುಚ್ಚಿನವನು. ಅವನು ಸತ್ತ ಮೇಲೆ ಅಗಸ್ಟಾ ಆ ಹುಚ್ಚನ್ನು ಮುಂದುವರಿಸಿ, 1759ರಲ್ಲಿ ಇಲ್ಲಿ ಸಸ್ಯತೋಟ ಹಾಕಿಸಿದಳು. 1762ರಲ್ಲಿ ಮುಗಿದ ಹತ್ತಂತಸ್ತಿನ ಪಗೋಡವೂ ಅವಳ ಕಾಲದ್ದೇ. 253 ಮೆಟ್ಟಿಲು, ಕೆಳಗಿನಿಂದಲೇ ಕೈಮುಗಿದೆ. ಲಾಲ್‌ಬಾಗ್ ನೋಡಿದ ಯಾರಿಗೂ ಕ್ಯೂ ಪೂರ್ತಿ ಪರಕೀಯವಲ್ಲ. ಲಾಲ್‌ಬಾಗನ್ನು 1874ರಿಂದ ನೋಡಿಕೊಂಡ ಕ್ಯಾಮರಾನ್ ಕ್ಯೂನಲ್ಲಿ ಪಳಗಿದವನು, ಆಮೇಲೆ ಬಂದ ಕ್ರುಂಬಿಗಲ್ ಕೂಡ ಇಲ್ಲಿ ಕೆಲಸ ಮಾಡಿದವನು. ಮನೆಯಿಂದ ಹೊರದೂಡಿಸಿಕೊಂಡ ಹುಡುಗಿಯೊಬ್ಬಳ ತೋಟದ ಬಳ್ಳಿ ಬೆಂಗಳೂರಿನವರೆಗೆ ಹಬ್ಬಿದೆ.

ಈ ಹುಲ್ಲುಹಾಸಿಗೆ ಇನ್ನೂ ಒಂದು ತಲೆಮಾರಿನ ಜಗಳ ಗೊತ್ತು. ಅಗಸ್ಟಾಳ ಮಗ ಮೂರನೆಯ ಜಾರ್ಜ್ 1788ರಲ್ಲಿ ಬುದ್ಧಿ ಕಲಕಿ ಕ್ಯೂನ ಬಿಳಿಮನೆಯಲ್ಲಿ ಕಟ್ಟಿಹಾಕಿಸಿಕೊಂಡು ಕೂತಿದ್ದಾಗ, ಅವನ ಮಗನ ಕಡೆಯವರು ರಾಜಪ್ರತಿನಿಧಿ ಪಟ್ಟಕ್ಕೆ ಸಂಸತ್ತಿನಲ್ಲಿ ಓಡಾಡುತ್ತಿದ್ದರು. ಅದರ ಕಡತ ಬೇರೆಯೇ ದಪ್ಪವಿದೆ, ಈ ಸಲ ಬಿಚ್ಚುವುದಿಲ್ಲ.

ಐದನೆಯ ದಿನ, ಸೋಮವಾರ: ಎರಡನೆಯ ರಾಜಿ

ಸೇಂಟ್ ಜೇಮ್ಸ್ ಚೌಕದ 31ನೆಯ ನಂಬರ್. ಫ್ರೆಡರಿಕ್ ಬಾಡಿಗೆಗಿದ್ದ ನಾರ್ಫೋಕ್ ಹೌಸ್ ಇಲ್ಲಿತ್ತು. 1738ರಲ್ಲಿ ಮೂರನೆಯ ಜಾರ್ಜ್ ಹುಟ್ಟಿದ್ದು ಇಲ್ಲೇ. ಈಗಿರುವುದು 1930ರ ದಶಕದ ಕಚೇರಿ ಕಟ್ಟಡ. ಗೋಡೆಯ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ಐಸೆನ್‌ಹೋವರ್ ಇಲ್ಲಿ ಕೂತು ಯೋಜನೆ ಹಾಕಿದ ಬಗ್ಗೆ ಫಲಕ. ಅರಮನೆಗೆ ಇಲ್ಲಿಂದ ಐದಾರು ನಿಮಿಷದ ನಡಿಗೆ. ಅಪ್ಪನೂ ಮಗನೂ ಪರಸ್ಪರರ ಗಾಡಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮಾತು ಬಿಟ್ಟು ಬದುಕಿದ್ದರು.

1742ರ ಜನವರಿಯಲ್ಲಿ ವಾಲ್ಪೋಲನ ಕುರ್ಚಿ ಅಲುಗಾಡುತ್ತಿತ್ತು. ಉಳಿಸಿಕೊಳ್ಳಲು ಹಳೆಯ ಔಷಧವನ್ನೇ ತೆಗೆದ. ಬಿಷಪ್ ಒಬ್ಬರ ಮೂಲಕ ಯುವರಾಜನಿಗೆ ಸಂದೇಶ ಹೋಯಿತು: ಕ್ಷಮೆ ಕೇಳಿದರೆ ವರ್ಷಕ್ಕೆ ಇನ್ನೂ ಐವತ್ತು ಸಾವಿರ, ಜತೆಗೆ ಸಾಲವೂ ತೀರುತ್ತದೆ. ವಾಲ್ಪೋಲ್ ಇರುವವರೆಗೆ ಇಲ್ಲ ಎಂದ ಫ್ರೆಡರಿಕ್. ಫೆಬ್ರವರಿಯಲ್ಲಿ ವಾಲ್ಪೋಲ್ ಕೆಳಗಿಳಿದ. ಅದೇ ತಿಂಗಳ 17ರಂದು ಮಗ ಅರಮನೆಗೆ ಹೋಗಿ ಅಪ್ಪನ ಕೈಗೆ ಮುತ್ತಿಟ್ಟ. ಮೊದಲ ರಾಜಿ ಮಾಡಿಸಿ ಮೇಲೆ ಬಂದವನು ಎರಡನೆಯ ರಾಜಿಗಾಗಿ ಕೆಳಗಿಳಿಯಬೇಕಾಯಿತು.

ವಾಲ್ಪೋಲನ ಮಗ ಹೊರೇಸ್ ಮರುದಿನವೇ ಒಂದು ಪತ್ರದಲ್ಲಿ ಇದನ್ನು ವರದಿ ಮಾಡಿದ್ದಾನೆ. ರಾಜ ಅಂದದ್ದು ಇಷ್ಟೇ: "ಯುವರಾಣಿ ಹೇಗಿದ್ದಾಳೆ? ಚೆನ್ನಾಗಿದ್ದಾಳೆಂದು ಭಾವಿಸುತ್ತೇನೆ." ಮಗ ಕೈಗೆ ಮುತ್ತಿಟ್ಟ. ಮುಗಿಯಿತು. ಐವತ್ತು ಸಾವಿರ ಮಂಜೂರಾಯಿತು. ನನಗೇನೋ ಆ ಒಂದು ಪ್ರಶ್ನೆಯಲ್ಲಿ, ಕತ್ತಲಲ್ಲಿ ಗಾಡಿ ಹತ್ತಿದ ಸೊಸೆಯ ಬಗ್ಗೆ ಮುದುಕನಿಗೆ ಅಷ್ಟಿಷ್ಟು ಕನಿಕರವಿತ್ತು ಎನಿಸುತ್ತದೆ. ಕಾಗದದಲ್ಲಿ ಅದಕ್ಕೆ ಆಧಾರವಿಲ್ಲ. 1747ರ ಹೊತ್ತಿಗೆ ಮತ್ತೆ ಎಲ್ಲ ಹಳಸಿತ್ತು.

ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ. ಏಳನೆಯ ಹೆನ್ರಿಯ ಗುಡಿಯಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ, ಕಲ್ಲನ್ನು ಕಸೂತಿಯಂತೆ ಬಿಡಿಸಿದ ಆ ಛಾವಣಿಯೇ ಹಾಗಿದೆ. ನಾನು ಕೆಳಗೆ ನೋಡುತ್ತ ನಡೆದೆ. ನೆಲದ ಚಪ್ಪಡಿಗಳ ಮೇಲೆ ಚಿಕ್ಕ ಅಕ್ಷರದಲ್ಲಿ ಹೆಸರುಗಳು. 1751ರ ಮಾರ್ಚ್ 20ರಂದು ಲೆಸ್ಟರ್ ಹೌಸಿನಲ್ಲಿ ತೀರಿಕೊಂಡ ಫ್ರೆಡರಿಕ್ ಇಲ್ಲಿದ್ದಾನೆ, ರಾಜನಾಗಲೇ ಇಲ್ಲ. ಅವನ ತಾಯಿ ಇದ್ದಾಳೆ. 1760ರಲ್ಲಿ ಬಂದ ತಂದೆಯೂ ಇದ್ದಾನೆ. ತನ್ನ ಮತ್ತು ಕ್ಯಾರೊಲೀನಳ ಶವಪೆಟ್ಟಿಗೆಗಳ ನಡುವಿನ ಹಲಗೆ ತೆಗೆಯಬೇಕೆಂದು ರಾಜ ಹೇಳಿಟ್ಟಿದ್ದ, ಹಾಗೇ ಮಾಡಿದರು. ಮೇಜಿನ ಬಟ್ಟೆಯ ಮೇಲೆ ಹುಟ್ಟಿದ ಆ ಹೆಣ್ಣುಕೂಸಿನ ಮಗಳು ಮುಂದೆ ನಾಲ್ಕನೆಯ ಜಾರ್ಜ್‌ನ ಹೆಂಡತಿಯಾಗಿ, 1821ರಲ್ಲಿ ಗಂಡನ ಪಟ್ಟಾಭಿಷೇಕದ ದಿನ ಇದೇ ಅಬ್ಬೆಯ ಬಾಗಿಲು ಬಡಿದು ಒಳಗೆ ಬಿಡಿಸಿಕೊಳ್ಳಲಾಗದೆ ಮರಳಿದಳು. ಶಾಲೆಯ ಹುಡುಗರ ಗುಂಪೊಂದು ಹೆಸರುಗಳ ಮೇಲೆ ಹೆಜ್ಜೆಯಿಡುತ್ತ ಹಾದುಹೋಯಿತು.

ರಾತ್ರಿ ಪೆಟ್ಟಿಗೆ ಕಟ್ಟುವಾಗ ಸ್ಟೀಲ್ ಡಬ್ಬಿ ಬಟ್ಟೆಗಳ ಮೇಲಿತ್ತು. ತೊಳೆದು ಒರೆಸಿಟ್ಟಿದ್ದಳು. ಸಾರಿನ ಪುಡಿಯನ್ನು ಗಾಜಿನ ಸೀಸೆಗೆ ಸುರಿದುಕೊಂಡಿದ್ದಳು, ಅಡುಗೆಮನೆಯಲ್ಲಿ ಕಂಡಿತು. ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಎರಡು ಚಮಚ ಸಕ್ಕರೆ.

"ಖಾಲಿ ಡಬ್ಬಿ ಕಳಿಸಬಾರದಲ್ಲ ಮಾವ" ಎಂದಳು, ಬೇರೆಡೆ ನೋಡುತ್ತ. "ಅತ್ತೆಗೆ ಕೊಡಿ."

"ನಿಮ್ಮತ್ತೆಗೆ ಸಕ್ಕರೆ ಖಾಯಿಲೆ" ಎಂದೆ.

"ಗೊತ್ತು" ಎಂದಳು.